ನನ್ನ ಹೆಸರಿನ ಹುಳ

ಫೆಬ್ರವರಿ ೧೨, ಬುಧವಾರ

ಪ್ರೀತಿಯ ಕುಳ್ಳಿ,

ನೀನು, ನಿಮ್ಮ ಮನೆಯವರು, ಮಗಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನೂ ಇದ್ದೇನೆ. ನಿನ್ನ ಪತ್ರ ಬಂದು ಇವತ್ತಿಗೆ ಹನ್ನೆರಡು ದಿನವಾಯಿತು. 'ಒಂದೇ ಒಂದು ಸಾಲು ಬರೆದು ಕಳಿಸು ಅಕ್ಕ, ಹದಿನಾಲ್ಕರ ಶುಕ್ರವಾರದೊಳಗೆ ಬೇಕು' ಅಂತ ಕೇಳಿದ್ದೆ. ಆ ಒಂದು ಸಾಲಿಗೆ ಇಷ್ಟು ದಿನ ತೆಗೆದುಕೊಂಡೆ, ತಪ್ಪಾಯಿತು. ಕಣ್ಣಿನ ನೆಪ ಹೇಳಬಹುದು. ಬಲಗಣ್ಣಿನ ಪೊರೆ ಚೆನ್ನಾಗಿ ಬಲಿತಿದೆಯಂತೆ. ಕಣ್ಣಿನ ಡಾಕ್ಟರು 'ಇಷ್ಟು ವರ್ಷ ಎಲ್ಲಿ ನೋಡ್ಕೊಂಡಿದ್ರಿ?' ಅಂತ ಗದರಿದರು. 'ಮೀನಿನ ಹೊಟ್ಟೆಯೊಳಗೆ' ಅಂದೆ. ನಗಲಿಲ್ಲ ಮನುಷ್ಯ. ಆದರೆ ಎಡಗಣ್ಣು ಇನ್ನೂ ಗಟ್ಟಿಯಾಗಿದೆ, ಬರೆಯೋಕೆ ಅಷ್ಟು ಸಾಕು. ಹಾಗಾಗಿ ಕಣ್ಣು ನಿಜವಾದ ಕಾರಣ ಅಲ್ಲ.

ನಿನ್ನ ಪತ್ರವನ್ನು ಮೊದಲ ಸಲ ಓದಿದಾಗ ನನಗೆ ಅರ್ಥವೇ ಆಗಲಿಲ್ಲ. ಭೂತಗನ್ನಡಿ ಹಿಡಿದು ಮತ್ತೆ ಓದಿದೆ. 'ಅಕ್ಕ, ನೀನು ಕಳಿಸಿದ ಹೊಸ ಹುಳಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದೇನೆ. ಹದಿನಾಲ್ಕನೇ ತಾರೀಖು ಶುಕ್ರವಾರ ಬರಹ ಅಚ್ಚಿಗೆ ಹೋಗುತ್ತದೆ.' ಅದರ ಕೆಳಗೆ ಪರದೇಶದ ಅಕ್ಷರಗಳಲ್ಲಿ ನನ್ನ ಹೆಸರು, ಹಿಂದೆ ಹುಳಕ್ಕೆ ಹೆಸರಿಡುವಾಗ ಹಚ್ಚುವ ಲ್ಯಾಟಿನ್ ಬಾಲ. ಕೆಳಗಿನ ಮನೆಯ ಟೈಲರ್ ಪ್ಯಾಂಟಿಗೆ ಗುಂಡಿ ಹಾಕುತ್ತಾ ಕೂತಿದ್ದ. ಖುಷಿ ತಡೆಯಲಾರದೆ ಅವನಿಗೆ ತೋರಿಸಿದೆ. ಅವನು ದಾರ ಕಚ್ಚಿ ತುಂಡು ಮಾಡಿ, 'ಅಲ್ಲಾ ಅಕ್ಕಾವ್ರೇ, ಹುಳಕ್ಕೆ ನಿಮ್ ಹೆಸರಾ? ಇದು ಹೊಗಳಿದ್ದೋ ಬೈದಿದ್ದೋ?' ಅಂದ. ಬೇರೆಯವರು ದೊಡ್ಡವರ ಹೆಸರನ್ನು ರಸ್ತೆಗೆ ಇಡುತ್ತಾರೆ, ಕಟ್ಟಡಕ್ಕೆ ಇಡುತ್ತಾರೆ, ನಮ್ಮ ಕಸುಬಿನಲ್ಲಿ ಹುಳಕ್ಕೆ ಇಡುತ್ತಾರೆ, ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ ಅಂತ ವಿವರಿಸಿದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. 'ಹಾಗಿದ್ರೆ ಸರಿ ಬಿಡಿ' ಅಂದ.

ಆಮೇಲೆ ಯೋಚಿಸಿ ನೋಡಿದೆ. ಹೆಸರನ್ನು ಸರಿಯಾಗಿಯೇ ಇಟ್ಟಿದ್ದೀಯ ಕಣೇ. ಆ ಚಪ್ಪಟೆ ಹುಳಕ್ಕೆ ಕಣ್ಣಿಲ್ಲ; ನನಗೂ ಇದ್ದ ಎರಡರಲ್ಲಿ ಒಂದು ಹೋಗಿದೆ. ಗಂಡೂ ಅದೇ, ಹೆಣ್ಣೂ ಅದೇ, ಮದುವೆಯ ಜಂಜಾಟವಿಲ್ಲ. ಎರಡು ಹೀರುಬಟ್ಟಲು ಊರಿ, ಅಂಟಿಕೊಂಡ ಜಾಗ ಬಿಡದೆ, ನದಿಯ ಮೀಸೆಮೀನಿನ ಪಿತ್ತಕೋಶದಲ್ಲಿ ಕೂತು ಇನ್ನೊಬ್ಬರ ಪಿತ್ತ ಕುಡಿದು ಬದುಕುತ್ತದೆ. ಅದರ ಕರುಳಿಗೆ ಹಿಂದಿನ ಬಾಗಿಲೂ ಇಲ್ಲ. ನುಂಗಿದ್ದರಲ್ಲಿ ಅರಗದೆ ಉಳಿದದ್ದು ನುಂಗಿದ ಬಾಯಿಂದಲೇ ಹೊರಗೆ ಬರಬೇಕು. ಈ ಪತ್ರದಲ್ಲಿ ಬಾಯಿಂದ ಏನಾದರೂ ಬಂದರೆ ನನ್ನನ್ನು ಬೈಯಬೇಡ, ಹೆಸರಿಟ್ಟವಳು ನೀನೇ.

ನಿನಗೆ ಈ ಕಸುಬು ಕಲಿಸಿದ್ದು ನಾನು ಅಂತ ನೀನು ಸಭೆಗಳಲ್ಲಿ ಹೇಳುತ್ತೀಯಂತೆ. ಮೀನು ಸಂಶೋಧನಾ ಕೇಂದ್ರದ ಹಳಬರು ಯಾರೋ ಹೇಳಿದರು. ನಾನು ಓದು ಬಿಟ್ಟು ನಿನಗಾಗಿ ತ್ಯಾಗ ಮಾಡಿದೆ ಅಂತಲೂ ಹೇಳುತ್ತೀಯಂತೆ. ಅದೆಲ್ಲ ಹೇಳಬೇಡ ಮಾರಾಯ್ತಿ. ನನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಮೀನು ಕೇಂದ್ರದಲ್ಲಿ ಮೀನು ಕೊಯ್ಯುವ ಕೆಲಸ ಸಿಕ್ಕಿತು, ಸೇರಿಕೊಂಡೆ. ಅಮ್ಮ ಹೋದಾಗ ನಿನಗೆ ಹತ್ತು ವರ್ಷ, ನನಗೆ ಇಪ್ಪತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಶಾಲೆ ಬಿಟ್ಟ ಮೇಲೆ ನೀನು ನೇರ ಲ್ಯಾಬಿಗೆ ಬರುತ್ತಿದ್ದೆ. ಕೊಯ್ಯುವ ಮೇಜಿನ ಕೆಳಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ, ನಿನ್ನ ಪುಸ್ತಕದ ಮೇಲೆ ಮೀನಿನ ನೀರು ತೊಟ್ಟಿಕ್ಕುತ್ತಿತ್ತು. ಮೈಕ್ರೋಸ್ಕೋಪು ಎಟುಕದೆ ಅಳುತ್ತಿದ್ದೆ. ಎರಡು ಸ್ಟೂಲು ಒಂದರ ಮೇಲೊಂದು ಇಟ್ಟು ನಿನ್ನನ್ನು ಹತ್ತಿಸಿದವಳು ನಾನು. ಕುಳ್ಳಿ ಅಂತ ಹೆಸರು ಬಿದ್ದದ್ದು ಅವತ್ತೇ.

ಅವತ್ತು ಕಲಿಸಿದ ಮೊದಲ ಪಾಠ ನೆನಪಿದೆಯಾ? ಸತ್ತ ಮೀನಿನ ಹುಳವನ್ನು ನಂಬಬೇಡ. ಮೀನು ಬಾಯಿ ಆಡಿಸುತ್ತಿರುವಾಗಲೇ ಕೊಯ್ಯಬೇಕು, ಹುಳವನ್ನು ಉಪ್ಪುನೀರಿಗೆ ಬಿಡಬೇಕು, ಕಿವುಚದೆ, ಒತ್ತದೆ, ಬಿಸಿನೀರಿನಲ್ಲಿ ಒಂದೇ ಏಟಿಗೆ ಕೊಲ್ಲಬೇಕು. ಆಗ ಅದು ತನ್ನ ಅಳತೆಯಲ್ಲೇ ಸಾಯುತ್ತದೆ. ನಿನ್ನೆ ಸತ್ತ ಮೀನಿನಲ್ಲಿ ಹುಳ ಬಿಗಿ ಕಳೆದುಕೊಂಡು ಸಡಿಲವಾಗಿರುತ್ತದೆ. ಅದನ್ನು ಎರಡು ಗಾಜಿನ ನಡುವೆ ಇಟ್ಟು ಒತ್ತಿದರೆ ಎರಡರಷ್ಟು ಉದ್ದವಾಗುತ್ತದೆ, ಹೀರುಬಟ್ಟಲುಗಳು ದೂರ ದೂರ ಹೋಗುತ್ತವೆ, ಹೊಟ್ಟೆಯೊಳಗಿನದೆಲ್ಲ ಪಕ್ಕಕ್ಕೆ ಸರಿಯುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಹುಳ ತಯಾರು. ಹನ್ನೊಂದು ವರ್ಷದವಳಾಗಿದ್ದಾಗ ನೀನು ಹೆಬ್ಬೆರಳಿನಿಂದ ಒತ್ತಿ, 'ಅಕ್ಕಾ, ಹೊಸ ಹುಳ! ಹೊಸ ಹುಳ!' ಅಂತ ಸ್ಟೂಲಿನ ಮೇಲೆ ಕುಣಿದಿದ್ದೆ. ನಾನು ಚಿಮಟದಿಂದ ನಿನ್ನ ಹೆಬ್ಬೆರಳಿಗೆ ಹೊಡೆದೆ. ಉಗುರು ಕಪ್ಪಾಗಿತ್ತು. ಆಮೇಲೆ ಊಟ ಮಾಡಿಸಿದವಳೂ ನಾನೇ, ಅದು ಬೇರೆ ಮಾತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪತ್ರಿಕೆಯ ಸಂಪಾದಕರು ಕೇಳಿದ್ದಾರೆ, 'ಹನ್ನೆರಡು ಗಾಜಿನ ಹುಳಗಳೂ ಜೀವಂತ ಮೀನಿನಿಂದಲೇ ತೆಗೆದವೇ, ತೆಗೆದವರಿಂದ ಒಂದು ಸಾಲು ಬೇಕು' ಅಂತ. ನೀನು ನನ್ನನ್ನು ಕೇಳಿದ್ದೀಯ.

ಇಲ್ಲ. ಒಂದೂ ಅಲ್ಲ.

ಮೊದಲನೆಯದು ನನ್ನ ಕಣ್ಣಿನ ತಪ್ಪು. ಆಣೆ ಮಾಡಿ ಹೇಳುತ್ತೇನೆ, ಅದು ಬರೀ ತಪ್ಪು. ಕಳೆದ ವರ್ಷ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಾರದೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಮೈಕ್ರೋಸ್ಕೋಪು ಇಟ್ಟುಕೊಂಡು ಕೂರುತ್ತಿದ್ದೆನಲ್ಲ. ಜುಲೈಯಲ್ಲಿ ಮೀನು ಮಾರುವ ಬುಟ್ಟಿಯಮ್ಮ ಕೊಟ್ಟ ಮೀಸೆಮೀನು ತಾಜಾ ಅಲ್ಲ ಅಂತ ನನಗೆ ಗೊತ್ತಾಗಲಿಲ್ಲ. ಅಂದಾಜು ತಪ್ಪಿ ಗಾಜನ್ನು ಒತ್ತಿಯೂ ಬಿಟ್ಟೆ. ಹಾಗೇ ನಿನಗೆ ಕಳಿಸಿದೆ. ಎಂಟನೇ ದಿನಕ್ಕೆ ನಿನ್ನ ಪತ್ರ ಬಂತು. 'ಅಕ್ಕ, ಇದು ಹೊಸದು! ನಾನು ಇದನ್ನು ಎಲ್ಲೂ ನೋಡಿಲ್ಲ! ಇನ್ನೂ ಹನ್ನೊಂದು ಬೇಕು!' ಓದುತ್ತಿದ್ದ ಹಾಗೇ ಎಲ್ಲಿ ಎಡವಿದೆ ಅಂತ ನನಗೆ ಹೊಳೆಯಿತು. ನಿನಗೆ ತಿಳಿಸೋಣ ಅಂತ ಪೆನ್ನು ತೆಗೆದುಕೊಂಡೆ. ವಿಳಾಸವನ್ನೂ ಬರೆದೆ.

ಆಮೇಲೆ ನಿನ್ನ ಪತ್ರವನ್ನು ಮತ್ತೊಮ್ಮೆ ಓದಿದೆ. ಒಂದು ಪುಟದಲ್ಲಿ 'ನಾನು' ಹದಿನೇಳು ಸಲ ಇತ್ತು. ಎಣಿಸುವುದು ನನ್ನ ಕಸುಬಲ್ಲವೇ, ತಾನಾಗಿ ಎಣಿಸಿಹೋಯಿತು. ನಾನು ಕಂಡುಹಿಡಿದೆ, ನಾನು ಬರೆಯುತ್ತೇನೆ, ದೊಡ್ಡ ಸಾಹೇಬರು ಏಪ್ರಿಲ್‌ನಲ್ಲಿ ನಿವೃತ್ತರಾಗುತ್ತಾರೆ, ಈ ಹುಳ ಅಚ್ಚಾದರೆ ಕೇಂದ್ರದ ಮುಖ್ಯಸ್ಥರ ಕುರ್ಚಿ ನನಗೇ. 'ನೀನು' ಅಂತ ಒಂದೇ ಕಡೆ ಇತ್ತು, 'ನೀನು ಬೇಗ ಕಳಿಸು' ಅಂತ. ಪೆನ್ನು ಕೆಳಗಿಟ್ಟೆ.

ಮಾರನೇ ದಿನ ಬುಟ್ಟಿಯಮ್ಮನ ಹತ್ತಿರ ಹೋಗಿ ನಿನ್ನೆಯ ಮೀನು ಇದ್ದರೆ ಕೊಡು ಅಂದೆ. 'ನಿನ್ನೇದಾ? ಯಾಕೆ, ಬೆಕ್ಕಿಗಾ?' ಅಂದಳು. 'ನನ್ನ ತಂಗಿ ಡಾಕ್ಟರಮ್ಮನಿಗೆ' ಅಂದೆ. ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಟೈಲರ್ ಹತ್ತಿರ ಅವನ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಕೇಳಿ ತಂದೆ. ಒಂದೊಂದು ಗಾಜಿನ ಮೇಲೂ ತಣ್ಣಗಿನ ಇಸ್ತ್ರಿಪೆಟ್ಟಿಗೆಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಹೇರಿದೆ. ಹುಳಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಬಂದವು. ಮೂವತ್ತೆಂಟು ವರ್ಷದಲ್ಲಿ ಅಷ್ಟು ಚೊಕ್ಕವಾಗಿ ತಪ್ಪು ಕೆಲಸ ನಾನು ಮಾಡಿದ್ದಿಲ್ಲ. ಪ್ರತಿ ಗಾಜಿಗೂ ಚೀಟಿ ಅಂಟಿಸಿ, ದುಂಡಗಿನ ಅಕ್ಷರದಲ್ಲಿ 'ಮೀನು ಜೀವಂತ' ಅಂತ ಬರೆದೆ.

ನನ್ನನ್ನು ರಾಕ್ಷಸಿ ಅನ್ನುವ ಮೊದಲು ಸೆಪ್ಟೆಂಬರಿನಲ್ಲಿ ನೀನು ಬಂದ ದಿನವನ್ನೂ ನೆನೆಸಿಕೊ. ಹನ್ನೊಂದು ಗಾಜು ತೆಗೆದುಕೊಂಡು ಹೋಗೋಕೆ ಬಂದಿದ್ದೆ. ಹೊರಗೆ ಕಾರಿನ ಇಂಜಿನ್ ಆರಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಅವತ್ತು ನಾನು ಬಕೆಟ್ಟಿನಲ್ಲಿ ಎರಡು ಮೀಸೆಮೀನು ಜೀವಂತ ಇಟ್ಟಿದ್ದೆ, ನೀರು ಚಿಮ್ಮಿ ನಿನ್ನ ಚಪ್ಪಲಿ ಒದ್ದೆಯಾಗಿತ್ತು. 'ಬಂದಿದ್ದೀಯಲ್ಲ, ಒಂದು ಕೊಯ್ದು ನೋಡೇ' ಅಂದೆ. ಒಂದು ಸಲ ಅಲ್ಲ, ಎರಡು ಸಲ ಅಂದೆ. ಕೊಯ್ದಿದ್ದರೆ ಐದು ನಿಮಿಷದಲ್ಲಿ ಹುಳದ ನಿಜವಾದ ಅಳತೆ ನಿನಗೆ ಕಾಣುತ್ತಿತ್ತು, ನನ್ನ ಕಿವಿ ಹಿಂಡಿ ಹೋಗುತ್ತಿದ್ದೆ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನೀನು ಏನಂದೆ? 'ಬಟ್ಟೆಗೆ ವಾಸನೆ ಹತ್ತುತ್ತೆ ಅಕ್ಕ, ಮೀಟಿಂಗ್ ಇದೆ. ಗಾಜಿನ ಮೇಲೆ ನಿನ್ನ ಅಕ್ಷರ ಇದೆಯಲ್ಲ, ನನಗೆ ಅಷ್ಟು ಸಾಕು.' ಕೆನ್ನೆಗೆ ಮುತ್ತು ಕೊಟ್ಟು ಹೋದೆ. ಆತುರಗಾರರಿಗೆ ಬುದ್ಧಿ ಮಟ್ಟ ಅಂತ ದೊಡ್ಡವರು ಹೇಳಿದ್ದು ಸುಳ್ಳಲ್ಲ.

ಮುಂದೇನಾಗುತ್ತದೆ ಅಂತ ನಿನಗೂ ಗೊತ್ತು. ಮೇಲ್ದಂಡೆ ಮೀನು ಕೇಂದ್ರದ ದಪ್ಪ ಕನ್ನಡಕದವರಿಗೆ ನಿನ್ನನ್ನು ಕಂಡರೆ ಆಗುವುದಿಲ್ಲ. ನಿನ್ನ ಬರಹ ಬಂದ ತಿಂಗಳೇ ನಲವತ್ತು ಜೀವಂತ ಮೀನು ತರಿಸಿ ಕೊಯ್ಯುತ್ತಾರೆ. ಎಲ್ಲದರಲ್ಲೂ ಅದೇ ಹಳೆಯ ಗಿಡ್ಡ ಹುಳ ಸಿಗುತ್ತದೆ. ನಾಲ್ಕೇ ಸಾಲಿನಲ್ಲಿ ಬರೆಯುತ್ತಾರೆ, ಸತ್ತ ಹುಳವನ್ನು ಒತ್ತಿ ಹೊಸ ಜಾತಿ ಮಾಡಿದ್ದಾರೆ, ಇದು ಮೊದಲ ವರ್ಷದ ವಿದ್ಯಾರ್ಥಿ ಮಾಡುವ ತಪ್ಪು ಅಂತ. ಆಮೇಲೆ ನೀನು ಕುರ್ಚಿಯಲ್ಲಿ ಕೂತಿದ್ದರೂ ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ನಿನ್ನ ಇಪ್ಪತ್ತೈದು ವರ್ಷದ ಕೆಲಸವನ್ನೆಲ್ಲ ಮತ್ತೆ ತೆಗೆದು ಅನುಮಾನದಿಂದ ನೋಡುತ್ತಾರೆ. ಇದೆಲ್ಲ ಆಗಲಿ ಅಂತಲೇ ಮಾಡಿದೆ. ಅಡುಗೆ ಮಾಡುವಾಗ, ಸ್ನಾನ ಮಾಡುವಾಗ ಇದನ್ನೇ ನೆನೆಸಿಕೊಂಡು ಖುಷಿಪಟ್ಟಿದ್ದೇನೆ. ಯಾಕೆ ಸುಳ್ಳು ಹೇಳಲಿ.

ಆದರೆ ಒಂದು ಕಡೆ ಲೆಕ್ಕ ತಪ್ಪಿತು. ಲೆಕ್ಕ ತಲೆಗೆ ಹತ್ತುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ. ನೀನು ಹುಳಕ್ಕೆ ದೊಡ್ಡ ಸಾಹೇಬರ ಹೆಸರಿಡುತ್ತೀಯ ಅಂತ ಅಂದುಕೊಂಡಿದ್ದೆ. ಅವರ ಕುರ್ಚಿ ಬೇಕು, ಅವರ ಹೆಸರಿಡದೆ ಇರುತ್ತಾಳಾ ಅಂತ. ಒಂದೇ ಕಲ್ಲಿಗೆ ಎರಡು ಹಕ್ಕಿ ಬೀಳುತ್ತವೆ ಅಂತ ಕಾಯುತ್ತಾ ಕೂತಿದ್ದೆ. ನಿನ್ನ ಪತ್ರದಲ್ಲಿ ನನ್ನ ಹೆಸರು ಇತ್ತು. 'ನನಗೆ ಮೊದಲ ಹುಳ ತೋರಿಸಿದ ನನ್ನ ಅಕ್ಕನಿಗೆ' ಅಂತ ನೀನು ಸಂಪಾದಕರಿಗೆ ಬರೆದ ಸಾಲನ್ನೂ ನಕಲು ಮಾಡಿ ಕಳಿಸಿದ್ದೆ. 'ಸಿಬ್ಬಂದಿ' ಅಂತ ಅಲ್ಲ, 'ಅಕ್ಕ' ಅಂತ. ನಿನ್ನ ಡಾಕ್ಟರೇಟ್ ಪ್ರಬಂಧದ ಪುಸ್ತಕದಲ್ಲಿ ನಾನು ಬರೆದ ನಲವತ್ತೊಂದು ಚಿತ್ರಗಳಿಗೆ ಕೃತಜ್ಞತೆ ಹೇಳುವಾಗ 'ಚಿತ್ರಗಳಿಗೆ ನೆರವಾದ ಸಿಬ್ಬಂದಿಗೆ' ಅಂತ ಮುಗಿಸಿದವಳು ನೀನೇ ತಾನೇ? ಇಪ್ಪತ್ತೊಂದು ವರ್ಷ ಬೇಕಾಯಿತು ನಿನಗೆ. ಬುದ್ಧಿ ಬಂತು, ಆದರೆ ಬಂದದ್ದು ನೋಡು ಯಾವ ಹುಳದ ಮೇಲೆ.

ಬಾಗಿಲು ಹಾಕಿಕೊಂಡು ಅತ್ತೆ. ಟೈಲರ್ ಬಂದು, 'ಏನಾಯ್ತು ಅಕ್ಕಾವ್ರೇ, ಬೈದಿದ್ದೇ ಅಂತ ಗೊತ್ತಾಯ್ತಾ?' ಅಂತ ಕೇಳಿದ. ಹೌದು ಕಣಪ್ಪ ಅಂದೆ.

ನಿನ್ನ ಪತ್ರದ ಜೊತೆ ಮಗಳು ಬರೆದ ಚಿತ್ರವೂ ಇತ್ತು. 'ದೊಡ್ಡಮ್ಮ, ಇದು ನಿಮ್ಮ ಹುಳ' ಅಂತ. ಹುಳಕ್ಕೆ ಕನ್ನಡಕ ಹಾಕಿದ್ದಾಳೆ, ಎರಡು ಜಡೆ ಹಾಕಿದ್ದಾಳೆ. ಕೈ ಒಳ್ಳೆಯದಿದೆ, ಗೆರೆ ಎಲ್ಲೂ ತಡವರಿಸಿಲ್ಲ, ಅದು ನಿನ್ನ ಕಡೆಯಿಂದ ಬಂದದ್ದಲ್ಲ. ಕೆಳಗೆ ಬಲಗಡೆಯ ಮೂಲೆಯಲ್ಲಿ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ಚೆನ್ನಾಗಿದೆ ಅಂತ ಹೇಳು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ, ಮೈಕ್ರೋಸ್ಕೋಪಿನ ಎದುರಿಗೆ.

ಪಶ್ಚಾತ್ತಾಪವಿಲ್ಲ ಅಂತ ಬರೆಯೋಣ ಅಂದುಕೊಂಡೆ. ಕೈ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ಹಾಗಂತ ಕ್ಷಮೆ ಕೇಳುವುದೂ ನನ್ನಿಂದ ಆಗುವುದಿಲ್ಲ. ನಿನಗೆ ನಿಜ ಬೇಕಿತ್ತು, ಹನ್ನೆರಡು ದಿನ ಒದ್ದಾಡಿ ನಿಜ ಬರೆದಿದ್ದೇನೆ. ಇನ್ನು ಕೈಯಲ್ಲಿ ಈ ಪತ್ರ ಇರುವವಳು ನೀನು.

ನಿಮ್ಮ ಮನೆಯವರ ಮಂಡಿನೋವಿಗೆ ಬಿಸಿನೀರಿನ ಶಾಖ ಕೊಡೋಕೆ ಹೇಳು, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ. ಮಗಳು ಚೆನ್ನಾಗಿ ಓದಲಿ, ಚಿತ್ರ ಬಿಡದಿರಲಿ, ನೂರು ಕಾಲ ಬಾಳಲಿ. ನಿನಗೂ ಒಳ್ಳೆಯದಾಗಲಿ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ನಿನ್ನನ್ನು ಹತ್ತನೇ ವಯಸ್ಸಿನಿಂದ ಸಾಕಿದವಳ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಸ್ಟೂಲು ಹಿಡಿದುಕೊಂಡಿದ್ದ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಅಂಚೆ ಕಚೇರಿಯಿಂದ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ನೀನು ಮೀಟಿಂಗಿನಲ್ಲಿದ್ದೆ. ಟೈಪ್ ಮಾಡುವ ಹೆಂಗಸು ಫೋನ್ ಎತ್ತಿದರು. 'ಡಾಕ್ಟರಮ್ಮನ ಅಕ್ಕ ಮಾತಾಡ್ತಿರೋದು, ಬರ್ಕೊಳ್ಳಿ' ಅಂದೆ. 'ಹನ್ನೆರಡು ಮೀನೂ ಕೊಯ್ಯುವಾಗ ಜೀವಂತವಾಗಿದ್ದವು.' ಅವರು ಬರೆದುಕೊಂಡು ಓದಿ ಹೇಳಿದರು. 'ಅಯ್ಯೋ, ಮೇಡಮ್ ಇದಕ್ಕೇ ಕಾಯ್ತಾ ಇದ್ರು. ಇವತ್ತೇ ಕಳಿಸ್ತೀವಿ. ಇರಿ, ನಿಮ್ಮ ಹೆಸರು ಸರಿಯಿದೆಯಾ ಕೇಳಿ ಅಂದಿದ್ರು' ಅಂತ ಹೇಳಿ, ಬಾಲ ಸೇರಿಸಿ, ನನ್ನ ಹೆಸರಿನ ಒಂದೊಂದೇ ಅಕ್ಷರ ಓದಿದರು. ಇನ್ನೊಮ್ಮೆ ಓದಿ ಅಂದೆ, ಓದಿದರು. ಸರಿಯಿದೆ ಅಂದೆ.

ಈ ಪತ್ರವನ್ನು ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಸೋಮವಾರಕ್ಕಿಂತ ಮೊದಲು ನಿನ್ನ ಕೈಗೆ ಸಿಗುವುದಿಲ್ಲ. ಅಷ್ಟರಲ್ಲಿ ಅಚ್ಚಾಗಿರುತ್ತದೆ. ನನ್ನ ಹೆಸರು ಒಂದೇ ಒಂದು ಸಲ ಅಚ್ಚಿನಲ್ಲಿ ಬರಲಿ, ಇಲ್ಲದ ಹುಳದ ಮೇಲಾದರೂ ಸರಿ.

ಜೊತೆಗಿರುವ ಸಣ್ಣ ಪೊಟ್ಟಣವನ್ನು ಫ್ಯಾನ್ ಆರಿಸಿ ಬಿಚ್ಚು, ಹಾರಿಹೋಗುತ್ತವೆ. ನಲವತ್ತೊಂದಿವೆ. ಪ್ರಬಂಧದ ಚಿತ್ರಗಳನ್ನು ನೀನು ಅಚ್ಚಿಗೆ ಕಳಿಸಿದ ದಿನ ನಮ್ಮ ಮನೆಯ ಕಸದ ಬುಟ್ಟಿಯಲ್ಲಿ ಸಿಕ್ಕ ಮೂಲೆಗಳು. ಪ್ರತಿ ಚಿತ್ರದ ಕೆಳಗೆ ಬಲಗಡೆ, ಸಾಸಿವೆಯಷ್ಟು ಸಣ್ಣಗೆ, ನನ್ನ ಹೆಸರು ಬರೆದಿದ್ದೆ. ನೀನು ಒಂದನ್ನೂ ಬಿಡದೆ ಕತ್ತರಿಸಿದ್ದೆ. ಮೀನು ಕೊಯ್ಯುವ ನನ್ನ ಸಣ್ಣ ಕತ್ತರಿಯಿಂದಲೇ. ಅದರ ಬಾಯಲ್ಲಿ ಒಂದು ಮುಕ್ಕು ಇತ್ತು, ಎಲ್ಲ ಮೂಲೆಯಲ್ಲೂ ಆ ಗುರುತಿದೆ ನೋಡು. ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಅಳುತ್ತಿದ್ದೆ, ಸಮಾಧಾನ ಮಾಡುವ ಕೆಲಸವೂ ನನ್ನ ಮೇಲೇ ಬೀಳುತ್ತಿತ್ತು.

ಸೋಮವಾರ ನೀನು ಸುಮ್ಮನಿದ್ದುಬಿಡಬಹುದು, ದಪ್ಪ ಕನ್ನಡಕದವರು ಬರುವವರೆಗೆ. ಇಲ್ಲವೇ ಮರ್ಯಾದೆ ಉಳಿಸಿಕೊಳ್ಳಬೇಕೆಂದರೆ ಅವರಿಗಿಂತ ಮೊದಲು ನೀನೇ ಬರೆದು, ಆ ಹುಳವನ್ನೂ ಅದರ ಹೆಸರನ್ನೂ ತೆಗೆಸಬೇಕು. ನಿನಗೆ ಅದೇನು ಹೊಸ ಕೆಲಸವಲ್ಲ. ಕತ್ತರಿಯೂ ನಿನ್ನ ಹತ್ತಿರವೇ ಇದೆ. ಮದುವೆಯಾಗಿ ಹೋಗುವಾಗ ಬೇಕು ಅಂತ ನೀನು ಕೇಳಿದ್ದೆ, ನಾನೇ ಕೊಟ್ಟಿದ್ದೆ.